ಸೇಡಂ ಸೀಮೆಯ ಮನೆಸಾಲಿ

ಒಂಬತ್ತನೇ ಶತಮಾನದಲ್ಲಿ, ಇಂದಿನ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಕವಿರಾಜಮಾರ್ಗಕಾರ ನಾಡಿನ ಜನರಿಗೆ ಒಂದು ಸರ್ಟಿಫಿಕೇಟ್ ಕೊಟ್ಟುಬಿಟ್ಟ: ಇವರು ಓದದೆಯೂ ಕಾವ್ಯ ಬಲ್ಲವರು. ಅಮೋಘವರ್ಷನ ದರ್ಬಾರು ಹೋಯಿತು, ಕೋಟೆ ಕುಸಿಯಿತು, ಪಕ್ಕದಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. ಸರ್ಟಿಫಿಕೇಟ್ ಮಾತ್ರ ಇನ್ನೂ ಚಾಲ್ತಿಯಲ್ಲಿದೆ. ನಮ್ಮ ಕಡೆಯ ಶಿಕ್ಷಣ ನಡೆದಿರುವುದೇ ಅದರ ಧೈರ್ಯದ ಮೇಲೆ.

ಬೆಂಗಳೂರಿನಲ್ಲಿ ಹೋಮ್‌ಸ್ಕೂಲಿಂಗ್ ಈಗ ಹೊಸ ಶೋಕಿ. ಮಗನನ್ನು ಶಾಲೆ ಬಿಡಿಸಿ, ಗಿಟಾರು, ಕೋಡಿಂಗ್ ಎಲ್ಲ ಕಲಿಸಿ, ಕೊನೆಗೆ ಎನ್‌ಐಒಎಸ್ ಮುಕ್ತ ಶಾಲೆಯ ಪರೀಕ್ಷೆಗೆ ಕೂರಿಸುವ ಅಪ್ಪ-ಅಮ್ಮಂದಿರಿಗೆ ಒಂದೇ ಚಿಂತೆ: ಹುಡುಗನಿಗೆ ಇಷ್ಟು ವಿದ್ಯೆ ಸಾಕಾದೀತೆ? ಅವರು ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಇಳಿಯಬೇಕು. ನಮ್ಮಲ್ಲಿ ಇದು ಮುತ್ತಜ್ಜಿಯ ಕಾಲದಿಂದ ಇದೆ. ಫೀಸಿಲ್ಲ, ಯೂನಿಫಾರ್ಮಿಲ್ಲ, ರಜೆಯಂತೂ ಇಲ್ಲವೇ ಇಲ್ಲ.

ಚಿಂಚೋಳಿ ಕಡೆಯ ತಾಂಡಾದಲ್ಲಿ ಅಪ್ಪ-ಅವ್ವ ಮುಂಬೈಗೋ ಪುಣೆಗೋ ಗುಳೆ ಹೋದರೆಂದರೆ, ಹದಿನಾಲ್ಕರ ಹುಡುಗಿಯೇ ಹೆಡ್‌ಮಾಸ್ತರು, ಆಕೆಯೇ ವಿದ್ಯಾರ್ಥಿನಿ, ಆಕೆಯೇ ಜವಾನ. ಮೊದಲನೇ ಪಿರಿಯಡ್ ನೀರು, ಎರಡನೆಯದು ರೊಟ್ಟಿ, ಮೂರನೆಯದು ತಮ್ಮನ ಮೂಗು ಒರೆಸಿ ಅವನನ್ನು ಸಾಲಿಗೆ ಅಟ್ಟುವುದು. ಹತ್ತಿ ಬಿಡಿಸುವಾಗ, ತೊಗರಿ ರಾಶಿ ಮಾಡುವಾಗ ಪ್ರಾಕ್ಟಿಕಲ್. ಗೈರುಹಾಜರಿ ಯಾಕೆಂದು ಕೇಳಲು ಬಂದ ಮಾಸ್ತರಿಗೆ ಅಜ್ಜಿಯ ಉತ್ತರ ಸಿದ್ಧ: “ಅಕಿ ಸಾಲಿಗಿ ಬಂದು ಏನ್ ಮಾಡ್ತಾಳ್ರಿ ಸರ? ನಾಳೆ ಗಂಡನ ಮನ್ಯಾಗ ರೊಟ್ಟೀನೇ ಬಡೀಬೇಕಲ್ಲ.” ಸಿಲಬಸ್ಸು, ಪರೀಕ್ಷೆ, ಪ್ಲೇಸ್‌ಮೆಂಟು ಮೂರೂ ಈ ಒಂದು ಮಾತಿನಲ್ಲಿ ಮುಗಿದವು. ಪ್ಲೇಸ್‌ಮೆಂಟು ಕೆಲವೊಮ್ಮೆ ಹದಿನೆಂಟು ತುಂಬುವ ಮೊದಲೇ ಆಗಿಬಿಡುತ್ತದೆ. ಅಷ್ಟು ಚುರುಕು ಬೆಂಗಳೂರಿನ ಯಾವ ಕಾಲೇಜಿಗೂ ಇಲ್ಲ. ಶಹಾಬಾದಿನ ಗಂಡು ಹುಡುಗರದು ಗಣಿತ ವಿಭಾಗ, ಪರಸಿ ಕಲ್ಲಿನ ಚದರಡಿ ಲೆಕ್ಕ.

ಕಾಯ್ದೆಯೂ ಇದಕ್ಕೆ ಅಡ್ಡ ಬಂದಿಲ್ಲ. 2009ರ ಶಿಕ್ಷಣ ಹಕ್ಕು 6ರಿಂದ 14 ವರ್ಷದವರಿಗೆ. ಸಾಲಿ ಊರೊಳಗೆ ಇರುವತನಕ ಹಕ್ಕು. ಹೈಸ್ಕೂಲಿಗೆ ಪಕ್ಕದೂರಿಗೆ ನಡೆಯಬೇಕಾದ ಹೊತ್ತಿಗೆ ಹಕ್ಕಿಗೂ ಸುಸ್ತು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ತಂದು, ಶಾಲೆ ಮುಗಿದ ಮೇಲೆ ಮಕ್ಕಳು ಮನೆಯ ಕಸುಬಿಗೆ ನೆರವಾಗಬಹುದು ಎಂದರು. ಮುಗಿಯುವುದೆಂದರೆ ಸಂಜೆ ನಾಲ್ಕೂವರೆಗೋ, ಏಳನೇ ಇಯತ್ತೆಗೋ ಎಂದು ನಮ್ಮವರು ಕೇಳಲು ಹೋಗಲಿಲ್ಲ.

ಇನ್ನು ಸಾಲಿಗೆ ಹೋದವರ ಕತೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬಹಳ ಕಾಲ ಇಲ್ಲಿ ಮನೆಮಂದಿಯ ಕಾರ್ಯಕ್ರಮವಾಗಿತ್ತು: ಕಾಕಾ ಕಂಪೌಂಡಿನ ಮೇಲೆ, ಮಾವ ಕಿಟಕಿಯ ಕೆಳಗೆ, ಚೀಟಿ ಗಾಳಿಯಲ್ಲಿ. ಹೋಮ್‌ಸ್ಕೂಲಿಂಗ್ ಎಂದರೆ ಇದಲ್ಲವೆ? 2024ರಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು ಕಾಕಾನ ಕೆಲಸ ಕಳೆಯಿತು. 2025ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ನಮ್ಮ ಕಲಬುರಗಿ ಶೇ 42.43ರೊಂದಿಗೆ ಕಟ್ಟಕಡೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹತ್ತು ವರ್ಷ ಬೆಂಚು ಸವೆಸಿ ಬರಿಗೈಲಿ ಬಂದರು. ಇವರಿಗೆ ಸಾಲಿ ಕೊಟ್ಟ ವಿದ್ಯೆ ಸಾಕಾಯಿತೇ ಎಂದು ಯಾರೂ ವಿಚಾರ ಸಂಕಿರಣ ಇಟ್ಟ ಸುದ್ದಿ ಇಲ್ಲ. ಅನುಮಾನವೆಲ್ಲ ಮನೆಯಲ್ಲಿ ಕಲಿತವರ ಮೇಲೆಯೇ.

ನಿರಾಶರಾಗಬೇಕಿಲ್ಲ. 2013ರಿಂದ ಸಂವಿಧಾನದ 371(ಜೆ) ವಿಧಿ ಇದೆ. ನಮ್ಮ ಮಕ್ಕಳಿಗೆಂದೇ ಮೆಡಿಕಲ್ ಸೀಟು, ಸರ್ಕಾರಿ ನೌಕರಿ ತೆಗೆದಿಟ್ಟಿದ್ದಾರೆ. ಹತ್ತನೇ ಇಯತ್ತೆಯೊಂದು ದಾಟಿದರೆ ಮುಗಿಯಿತು. ಫೇಲಾದವರು ಪರೀಕ್ಷೆ-2 ಕಟ್ಟಿರಿ ಎಂದು ಇಲಾಖೆ ಕರೆಯಿತು. ಅದು ಬಂದದ್ದು ಮೇ ಕೊನೆಯ ವಾರ. ಮಿರಗ ಮಳೆ ಕೂಡುವ ಮೊದಲು ಹೊಲ ಹಸನಾಗಬೇಕಿತ್ತು. ಮನೆಸಾಲಿಯವರು ರಜೆ ಮಂಜೂರು ಮಾಡಲಿಲ್ಲ.