ಎಂಜಿನ್ ಇಲ್ಲದ ಮಾರುತ್

ಬೆಂಗಳೂರಿನಲ್ಲಿ ಹಳೇ ಮದ್ರಾಸು ರಸ್ತೆಯನ್ನೂ ಹಳೇ ವಿಮಾನ ನಿಲ್ದಾಣ ರಸ್ತೆಯನ್ನೂ ಕೂಡಿಸುವ ರಸ್ತೆಗೆ ಸುರಂಜನ್‌ದಾಸ್ ರಸ್ತೆ ಎಂದು ಹೆಸರು. ಸಂಜೆ ಆರರ ಮೇಲೆ ಅಲ್ಲಿ ಸಿಕ್ಕಿಕೊಂಡವರಿಗೆ ಈ ಹೆಸರಿನವರು ಯಾರಿರಬಹುದು ಎಂದು ಯೋಚಿಸಲು ಬೇಕಾದಷ್ಟು ಪುರುಸೊತ್ತು ಇರುತ್ತದೆ. ಆದರೂ ಯಾರೂ ಯೋಚಿಸಿದಂತಿಲ್ಲ. ಒಮ್ಮೆ ಆಟೋದವರನ್ನು ಕೇಳಿದೆ. "ಯಾರೋ ಕಾರ್ಪೊರೇಟರ್ ಇರ್ಬೇಕು ಸಾರ್" ಎಂದರು. ವಿಂಗ್ ಕಮಾಂಡರ್ ಸುರಂಜನ್ ದಾಸ್ 1961ರ ಜೂನ್ 17ರಂದು, ಪಕ್ಕದಲ್ಲೇ ಇರುವ ಎಚ್‌ಎಎಲ್ ವಿಮಾನ ನಿಲ್ದಾಣದಿಂದ, ನಮ್ಮ ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನವನ್ನು ಮೊದಲ ಸಲ ಆಕಾಶಕ್ಕೆ ಒಯ್ದವರು. ಅದರ ಹೆಸರು ಎಚ್‌ಎಫ್‌-24 ಮಾರುತ್. ಶಬ್ದದ ಎರಡರಷ್ಟು ವೇಗದಲ್ಲಿ ಹೋಗಬೇಕು ಎಂಬುದು ಅದನ್ನು ಕೇಳಿದ ವಾಯುಪಡೆಯ ಆಸೆ. ದಾಸರ ಹೆಸರಿನ ರಸ್ತೆಯಲ್ಲಿ ಈಗ ಎರಡನೇ ಗೇರ್ ಬಿದ್ದರೆ ಪುಣ್ಯ.

ನನಗೆ ದಾಸರ ಪರಿಚಯ ಮಾಡಿಸಿದ್ದು ಒಂದು ಗೇಣುದ್ದದ ರೆಸಿನ್ ವಿಮಾನ. ನಿಜವಾದ ಮಾರುತ್ ಮೂತಿಯಿಂದ ಬಾಲದ ತುದಿಗೆ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಅದನ್ನು 72ರಿಂದ ಭಾಗಿಸಿದರೆ 22 ಸೆಂಟಿಮೀಟರ್ ಉದ್ದ, ಹನ್ನೆರಡೂವರೆ ಸೆಂಟಿಮೀಟರ್ ಅಗಲ. ಎಪ್ಪತ್ತೆರಡೇ ಯಾಕೆಂದರೆ, ಆರಡಿಗೆ ಒಂದಂಗುಲ ಎಂಬ ಹಳೆಯ ಬ್ರಿಟಿಷ್ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಆಕಾಶದಲ್ಲಿ ಬರುತ್ತಿರುವುದು ನಮ್ಮದೋ ಶತ್ರುವಿನದೋ ಎಂದು ಗುರುತು ಹಿಡಿಯುವುದನ್ನು ಸೈನಿಕರಿಗೆ ಕಲಿಸಲು ಇದೇ ಅಳತೆಯ ಮಾದರಿಗಳನ್ನು ಬಳಸುತ್ತಿದ್ದರು. 1942ರಲ್ಲಿ ಅಮೆರಿಕದ ನೌಕಾಪಡೆ, ಐದು ಲಕ್ಷ ಮರದ ಮಾದರಿ ಕೆತ್ತಿಕೊಡಿ ಎಂದು ಶಾಲೆಯ ಮಕ್ಕಳನ್ನೇ ಕೇಳಿತ್ತು. ಈ ವಯಸ್ಸಿನಲ್ಲಿ ಆಟದ ಸಾಮಾನಿನ ಹುಚ್ಚೇಕೆ ಎಂದು ನೆಂಟರು ವಿಚಾರಿಸಿದಾಗ ನಾನು ಈ ಸಂಗತಿಯನ್ನು ಬಲು ಗಂಭೀರವಾಗಿ ಹೇಳುತ್ತೇನೆ. ಅವರು ಅಷ್ಟೇ ಗಂಭೀರವಾಗಿ ಕಾಫಿ ಕುಡಿದು ಹೊರಡುತ್ತಾರೆ.

ರೆಸಿನ್ನೇ ಯಾಕೆ ಎಂಬುದಕ್ಕೂ ಕಾರಣ ಇದೆ. ದೊಡ್ಡ ಕಂಪನಿಗಳ ಪ್ಲಾಸ್ಟಿಕ್ ಕಿಟ್‌ಗಳಿಗೆ ಲೋಹದ ಅಚ್ಚು ಬೇಕು; ಅದಕ್ಕೆ ಸುರಿದ ದುಡ್ಡು ಹುಟ್ಟಬೇಕಾದರೆ ಸಾವಿರಾರು ಪೆಟ್ಟಿಗೆ ಮಾರಬೇಕು. ಹಾಗಾಗಿ ಅವರು ಸ್ಪಿಟ್‌ಫೈರ್ ಮುಗಿಸಿ ಮತ್ತೆ ಸ್ಪಿಟ್‌ಫೈರನ್ನೇ ಮಾಡುತ್ತಾರೆ. ಒಂದೇ ದೇಶ ಹಾರಿಸಿದ, ಆ ದೇಶವೂ ಅರ್ಧ ಮರೆತ ವಿಮಾನ ಬೇಕೆಂದರೆ ಯಾವುದೋ ಊರಿನ ಯಾರದೋ ಹಿತ್ತಲ ಕೋಣೆಯೇ ಗತಿ. ಅಲ್ಲೊಬ್ಬ ಪುಣ್ಯಾತ್ಮ ಮೊದಲೊಂದು ಮೂಲ ಮಾದರಿ ಕೆತ್ತಿ, ಅದರ ಸುತ್ತ ಸಿಲಿಕೋನ್ ರಬ್ಬರು ಸುರಿದು ಅಚ್ಚು ತೆಗೆದು, ಎರಡು ದ್ರವ ಬೆರೆಸಿದ ಪಾಲಿಯುರೆಥೇನ್ ರೆಸಿನ್ನನ್ನು ಅದರೊಳಗೆ ಎರಕ ಹೊಯ್ಯುತ್ತಾನೆ. ರಬ್ಬರಿನ ಅಚ್ಚು ಬೇಗ ಸವೆಯುತ್ತದೆ. ಆದ್ದರಿಂದ ಕಿಟ್ ದುಬಾರಿ, ಸರಕು ಕಡಿಮೆ. ಪೆಟ್ಟಿಗೆ ಬಿಚ್ಚಿದರೆ ಕೆನೆಬಣ್ಣದ ತುಂಡುಗಳು, ಪ್ರತಿ ತುಂಡಿನ ತಲೆಯ ಮೇಲೂ ಎರಕ ಹೊಯ್ದ ಜಾಗದ ಗಟ್ಟಿ ಮುದ್ದೆ, ಅಲ್ಲಲ್ಲಿ ಗಾಳಿಗುಳ್ಳೆಯ ತೂತು. ನನಗೆ ಬಂದದ್ದರಲ್ಲಿ ಎಡರೆಕ್ಕೆ ಸ್ವಲ್ಪ ಸೊಟ್ಟಗಿತ್ತು. ತಯಾರಿಸಿದವರ ಹೆಸರು ಹೇಳುವುದಿಲ್ಲ. ಮಾರುತ್ ಮಾಡಲು ಮನಸ್ಸು ಮಾಡಿದವರ ಮೇಲೆ ದೂರು ಹೇಳಿದರೆ ನಾಲಿಗೆ ಬಿದ್ದೀತು.

ಕೆಲಸ ಶುರುವಾಗುವುದು ಸ್ನಾನದಿಂದ. ಎರಕ ಅಚ್ಚಿಗೆ ಅಂಟದಿರಲೆಂದು ಹಚ್ಚಿದ ಜಿಡ್ಡು ಹೋಗದಿದ್ದರೆ ಮುಂದೆ ಬಣ್ಣ ನಿಲ್ಲುವುದಿಲ್ಲ. ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಶ್ಶು ಸಾಕು. ಆಮೇಲೆ ಸೊಟ್ಟ ರೆಕ್ಕೆ. ರೆಸಿನ್ ಬಿಸಿನೀರಿನಲ್ಲಿ ಮೆತ್ತಗಾಗುತ್ತದೆ. ಒಂದೆರಡು ನಿಮಿಷ ಮುಳುಗಿಸಿ, ಸಮತಟ್ಟಾದ ಗಾಜಿನ ಮೇಲಿಟ್ಟು ಅದುಮಿ, ತಣ್ಣೀರಿಗೆ ಹಾಕಿದರೆ ನೆಟ್ಟಗಾಗುತ್ತದೆ. ಇದನ್ನು ಮಾಡುತ್ತಿದ್ದಾಗ ಹೆಂಡತಿ ಅಡುಗೆಮನೆಗೆ ಬಂದಳು.

"ರೀ, ಒಲೆ ಮೇಲೆ ಏನದು?"

"ರೆಕ್ಕೆ."

"ಕೋಳೀದಾ?" ನಮ್ಮದು ಸೊಪ್ಪು ಸದೆಯ ಮನೆ, ಪ್ರಶ್ನೆಯಲ್ಲಿ ನಿಜವಾದ ಗಾಬರಿಯಿತ್ತು.

ಆ ಪಾತ್ರೆ ಅವತ್ತಿನಿಂದ ವಿಮಾನದ ಪಾತ್ರೆಯಾಗಿ ಬಾಲ್ಕನಿಗೆ ವರ್ಗವಾಯಿತು. ಉಜ್ಜುವ ಕೆಲಸವೂ ಅಲ್ಲಿಗೇ ಹೋಯಿತು, ಅದೂ ಒಳ್ಳೆಯದೇ ಆಯಿತು. ರೆಸಿನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ವಾಟರ್ ಪೇಪರನ್ನು ನೀರಲ್ಲಿ ನೆನೆಸಿಯೇ ಉಜ್ಜಬೇಕು. ಪ್ಲಾಸ್ಟಿಕ್ ಮಾದರಿಯ ಅಂಟು ಇಲ್ಲಿ ಕೆಲಸಕ್ಕೆ ಬಾರದು. ಅದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ರೆಸಿನ್ ಅದಕ್ಕೆ ಜಗ್ಗುವುದಿಲ್ಲ. ಇಲ್ಲಿ ನಡೆಯುವುದು ಫೆವಿಕ್ವಿಕ್ ಅಥವಾ ಅರಾಲ್ಡೈಟ್. ರೆಕ್ಕೆಯ ಭಾರಕ್ಕೆ ಬರೀ ಅಂಟು ಸಾಲದು ಎಂದು ಎರಡೂ ಕಡೆ ತೂತು ಕೊರೆದು ಹಿತ್ತಾಳೆ ತಂತಿಯ ಗೂಟ ಹಾಕಬೇಕು. ಆ ಕೂದಲೆಳೆಯಂಥ ಡ್ರಿಲ್ ಬಿಟ್‌ಗಾಗಿ ಎಸ್‌.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದರೆ, "ಏನ್ ಕೊರೀತೀರಾ ಸಾರ್ ಇದ್ರಲ್ಲಿ?" ಎಂದು ಎಲ್ಲರೂ ಕೇಳುತ್ತಾರೆ. ಬಂದೂಕಿನ ತೂತು ಎಂದು ಹೇಳುವುದು ಕ್ಷೇಮವಲ್ಲ. ಗಡಿಯಾರ ರಿಪೇರಿ ಎಂದುಬಿಡುವುದು ವಾಸಿ.

ಬಂದೂಕು ಎಂದದ್ದು ಸುಳ್ಳಲ್ಲ. ಮಾರುತ್‌ನ ಮೂತಿಯಲ್ಲಿ ನಾಲ್ಕು ಏಡನ್ ಫಿರಂಗಿಗಳಿದ್ದವು, 30 ಮಿಲಿಮೀಟರಿನವು. ಕಿಟ್‌ನಲ್ಲಿ ಅವುಗಳ ಜಾಗದಲ್ಲಿ ನಾಲ್ಕು ಕುಳಿ, ಅಷ್ಟೇ. ಮೂವತ್ತನ್ನು ಎಪ್ಪತ್ತೆರಡರಿಂದ ಭಾಗಿಸಿದರೆ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದಕ್ಕೆ ಇಂಜೆಕ್ಷನ್ ಸೂಜಿಯ ತುಂಡಿಗಿಂತ ಒಳ್ಳೆಯ ಕೊಳವೆ ಇಲ್ಲ. ಔಷಧಿ ಅಂಗಡಿಯ ಹುಡುಗ ಪಾಪ, "ಶುಗರ್ ಜಾಸ್ತಿನಾ ಅಂಕಲ್?" ಎಂದು ಮರುಗುತ್ತ ಕೊಟ್ಟ. ಸೀಟಿನ ಬೆಲ್ಟಿಗೆ ಸಣ್ಣಗೆ ಸೀಳಿದ ಮಾಸ್ಕಿಂಗ್ ಟೇಪು, ಚಕ್ರದ ಗೂಡಿನೊಳಗಿನ ಕೊಳವೆಗಳಿಗೆ ಹಳೆಯ ಚಾರ್ಜರಿನ ತಾಮ್ರದ ಎಳೆ, ಮೀಟರುಗಳ ಗಾಜಿಗೆ ಒಂದೊಂದು ಹನಿ ಫೆವಿಕಾಲ್: ಒಣಗಿದ ಮೇಲೆ ಅದು ಗಾಜಿನಂತೆಯೇ ಮಿನುಗುತ್ತದೆ. ಮೂತಿಯೊಳಗೆ ಗಾಳದ ಸೀಸದ ಗುಂಡು ತುಂಬಬೇಕು, ಇಲ್ಲದಿದ್ದರೆ ವಿಮಾನ ಬಾಲದ ಮೇಲೆ ಕೂರುತ್ತದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಸಾಮಾನ್ಯ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಒಂದಾಸನದ ಕಿಟ್ಟನ್ನು ಎರಡಾಸನದ್ದು ಮಾಡಬೇಕು ಎನಿಸಿತು. ಒಟ್ಟು 147 ಮಾರುತ್‌ಗಳಲ್ಲಿ 18 ಮಾತ್ರ ತರಬೇತಿಯವು, ಗುರುಶಿಷ್ಯರು ಹಿಂದೆ ಮುಂದೆ ಕೂರುವಂಥವು. ಅವುಗಳಲ್ಲಿ ಮೊದಲನೆಯದು ಹಾರಿದ್ದು 1970ರಲ್ಲಿ. ಎರಡನೇ ಆಸನಕ್ಕೆ ಜಾಗ ಮಾಡಿದ ಬಗೆ ನನಗೆ ಬಲು ಇಷ್ಟವಾಯಿತು. ಯುದ್ಧದ ಮಾರುತ್‌ನ ಹೊಟ್ಟೆಯಲ್ಲಿ, ಮುಂಚಕ್ರದ ಹಿಂದೆ, 50 ರಾಕೆಟ್ಟುಗಳ ಒಂದು ಗೂಡಿತ್ತು. ಆ ಗೂಡನ್ನು ತೆಗೆದು ಅಲ್ಲಿ ಇನ್ನೊಂದು ಮಾರ್ಟಿನ್‌-ಬೇಕರ್ ಸೀಟು ಇಟ್ಟರು. ಐವತ್ತು ರಾಕೆಟ್ಟು ಇಳಿಸಿ ಒಬ್ಬ ಮೇಷ್ಟರನ್ನು ಹತ್ತಿಸಿಕೊಂಡ ವಿಮಾನದ ಮೇಲೆ, ಮೇಷ್ಟರ ಮಗನಾದ ನನಗೆ ಅಭಿಮಾನ ಬರದೆ ಇದ್ದೀತೇ?

ಗಟ್ಟಿ ರೆಸಿನ್ನಿನ ಬೆನ್ನಿಗೆ ಗರಗಸ ಹಾಕುವ ಮೊದಲಿನ ಕ್ಷಣ ಸಾಕಷ್ಟು ಉದ್ದವಾಗಿಯೇ ಇರುತ್ತದೆ. ಅದು ದಾಟಿದರೆ ಉಳಿದದ್ದು ಬಡಗಿಯ ಕೆಲಸ. ಕೊರೆದ ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಳೆಯ ಗೋಡೆ, ಅದಕ್ಕೊಂದು ಹಿಂಗೋಡೆ, ಮೀಟರುಗಳ ಹಲಗೆ, ಹಿಡಿಕೆ. ಸೀಟೊಂದೇ ಒಂದು ದೊಡ್ಡ ಸಂಸಾರ: ಬೆನ್ನು ದಿಂಬು, ತಲೆಯ ಪೆಟ್ಟಿಗೆ, ತುರ್ತಿನಲ್ಲಿ ಪೈಲಟ್ ಎಳೆಯಬೇಕಾದ ಹಳದಿ-ಕಪ್ಪು ಪಟ್ಟೆಯ ಹಿಡಿ. ಆ ಪಟ್ಟೆ ಬರೆಯಲು ಒಂದೇ ಕೂದಲಿನ ಕುಂಚ ಬೇಕು; ಉಸಿರು ಬಿಗಿಹಿಡಿದು, ಎರಡು ಎದೆಬಡಿತದ ನಡುವೆ ಬರೆಯಬೇಕು ಎಂದು ಈ ಹುಚ್ಚಿನವರು ಹೇಳುತ್ತಾರೆ. ಉತ್ಪ್ರೇಕ್ಷೆಯಲ್ಲ. ಎರಡೂ ಆಸನಕ್ಕೆ ಆಗುವಷ್ಟು ಉದ್ದದ ಗಾಜಿನ ಹೊದಿಕೆಗೆ ಮೊದಲು ಮರದಲ್ಲಿ ಆಕಾರ ಕೆತ್ತಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಅದರ ಮೇಲೆ ಎಳೆಯಬೇಕು.

ಇಲ್ಲಿ ಒಂದು ಸಮಸ್ಯೆ. ಹೊದಿಕೆ ಅಂಟಿಸಿದ ಮೇಲೆ ಒಳಗಿನ ಮುಕ್ಕಾಲು ಪಾಲು ಕಾಣುವುದೇ ಇಲ್ಲ. ತಂತಿ, ಮೀಟರು, ಹಳದಿ-ಕಪ್ಪು ಪಟ್ಟೆ ಎಲ್ಲ ಕತ್ತಲೆಗೆ ಹೋದವು. ಹಾಗಾದರೆ ಯಾಕೆ ಮಾಡಿದಿರಿ ಎಂದು ಜನ ಕೇಳುತ್ತಾರೆ. ನಮ್ಮ ಬೀದಿಯ ದರ್ಜಿ ರವಿಕೆಯ ಒಳಹೊಲಿಗೆಯನ್ನೂ ಅಷ್ಟೇ ನೇರವಾಗಿ ಹಾಕುತ್ತಾರೆ. ಅವರನ್ನು ಯಾರೂ ಹೀಗೆ ಕೇಳಿದ್ದು ನಾನು ನೋಡಿಲ್ಲ.

ವಿವರ ಬೇಕೆಂದರೆ ಅಸಲಿಯನ್ನು ನೋಡಬೇಕು, ಮತ್ತು ಬೆಂಗಳೂರಿನಲ್ಲಿರುವವರಿಗೆ ಅದೊಂದು ಭಾಗ್ಯ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಮಾರುತ್ ನಿಂತಿದೆ. ಎಚ್‌ಎಎಲ್‌ನ ಪರಂಪರೆ ಕೇಂದ್ರದಲ್ಲೂ ಒಂದಿದೆ. ಮ್ಯೂನಿಕ್ ಬಳಿಯ ಜರ್ಮನ್ ವಸ್ತುಸಂಗ್ರಹಾಲಯದಲ್ಲೂ ಒಂದಿದೆ. ಮಾರುತ್ ರೂಪಿಸಿದ ಕುರ್ಟ್ ಟಾಂಕ್ ಜರ್ಮನಿಯವರು ತಾನೆ. ಮಕ್ಕಳೆಲ್ಲ ವಿಮಾನದ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ, ನಾನು ಮಂಡಿಯೂರಿ ಅದರ ಚಕ್ರದ ಗೂಡಿನ ಫೋಟೋ ತೆಗೆಯುತ್ತಿದ್ದೆ. ಕಾವಲುಗಾರ ಬಂದು ಸ್ವಲ್ಪ ಹೊತ್ತು ನೋಡಿ, "ಪಂಚರ್ ಆಗಿಲ್ಲ ಸಾರ್" ಎಂದು ಹೇಳಿ ಹೋದ. ಬದಿಯಿಂದ ನೋಡಿ ಬೇಕಾದರೆ: ಸಪೂರ ಸೊಂಟ, ಹಿಂದಕ್ಕೆ ಬಾಗಿದ ರೆಕ್ಕೆ, ಎರಡೂ ಕಡೆ ಗಾಳಿ ಎಳೆದುಕೊಳ್ಳುವ ಬಾಯಿಗಳಲ್ಲಿ ಅರ್ಧ ಶಂಕು. ನಿಂತಲ್ಲೇ ವೇಗವಾಗಿ ಕಾಣುವ ವಿಮಾನ.

ಕಾಣುವಷ್ಟು ವೇಗ ಅದಕ್ಕಿರಲಿಲ್ಲ ಎಂಬುದೇ ಅದರ ದುಃಖ. ಎರಡನೇ ಮಹಾಯುದ್ಧದ ಫೋಕ್‌-ವುಲ್ಫ್ 190 ಯುದ್ಧವಿಮಾನ ಕಟ್ಟಿದ ಟಾಂಕ್, ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ಮೊದಲು ಪೂರ್ತಿ ಗಾತ್ರದ ಒಂದು ಮರದ ಮಾದರಿ ಮಾಡಿಸಿ, 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆಸಿ, ಮೇಲೆ ಬಿಟ್ಟು ಪರೀಕ್ಷಿಸಿದರು. ಅಂದರೆ ಮಾರುತ್ ಮೊಟ್ಟಮೊದಲು ಹಾರಿದ್ದು ಮರದ್ದಾಗಿ, ಎಂಜಿನ್ನೇ ಇಲ್ಲದೆ. ಆಮೇಲೆ ಬರಬೇಕಿದ್ದ ಬ್ರಿಟನ್ನಿನ ಶಕ್ತಿಶಾಲಿ ಆರ್ಫಿಯಸ್ 12 ಎಂಜಿನ್, ಅದನ್ನು ಮುಗಿಸಲು ದುಡ್ಡು ಹಾಕುವವರಿಲ್ಲದೆ ಅರ್ಧಕ್ಕೆ ನಿಂತಿತು. ಕಡಿಮೆ ಬಲದ ಆರ್ಫಿಯಸ್ 703 ಎರಡನ್ನು ಹಾಕಿಕೊಂಡು ಮಾರುತ್ ಶಬ್ದವೇಗದ ಹೊಸ್ತಿಲ ಆಸುಪಾಸಿನಲ್ಲೇ ಉಳಿಯಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ ಹಾಕಿ ನೋಡಲು ಒಂದು ಮಾರುತ್ ಅಲ್ಲಿಗೂ ಹೋಯಿತು. ಹೆಚ್ಚು ಬಲ ಕೊಡಿಸುವ ಪ್ರಯತ್ನದ ವಿಮಾನವನ್ನೇ ಹಾರಿಸುತ್ತ ಸುರಂಜನ್ ದಾಸ್ 1970ರ ಜನವರಿಯಲ್ಲಿ ತೀರಿಕೊಂಡರು.

ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಇದೇ ಮಾರುತ್‌ಗಳು ಕಷ್ಟದ ಕೆಲಸ ಮಾಡಿದವು; ಏಟು ತಿಂದು, ಒಂದೇ ಎಂಜಿನ್ನಿನಲ್ಲಿ ಮನೆಗೆ ಬಂದವೂ ಇವೆ. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು. ಇದನ್ನು ಸೋತ ವಿಮಾನ ಎಂದು ಬರೆಯುವವರ ಜೊತೆ ನನ್ನದು ಜಗಳವಿದೆ. ವಿಮಾನದ ಮೈ ಸೋತಿರಲಿಲ್ಲ, ಅದಕ್ಕೆ ತಕ್ಕ ಹೃದಯ ಕೊಡಿಸಲು ಯಾರಿಗೂ ಆಗಲಿಲ್ಲ. ನನ್ನ ಮೇಜಿನ ಮೇಲಿನದಕ್ಕಾದರೆ ಆ ಕೊರತೆ ತಾಗುವುದಿಲ್ಲ. ಬಾಲದ ಎರಡು ಕೊಳವೆಗಳನ್ನು ಒಳಗಿನವರೆಗೆ ಕೊರೆದು ಕಪ್ಪು ಬಳಿದಿದ್ದೇನೆ, ಎಂಜಿನ್ ಯಾವುದು ಎಂದು ನೋಡುವವರು ತಮಗೆ ಬೇಕಾದ್ದನ್ನು ಊಹಿಸಿಕೊಳ್ಳಬಹುದು.

ಬಣ್ಣದ ವಿಷಯಕ್ಕೆ ಹೋದರೆ ಈ ಪ್ರಬಂಧ ಮುಗಿಯುವುದಿಲ್ಲ. ಬೆಳ್ಳಿ ಬಣ್ಣದಲ್ಲಿ ಎಷ್ಟು ಬಗೆ ಎಂಬ ಬಗ್ಗೆ ಮಾದರಿ ಕಟ್ಟುವವರ ನಡುವೆ ಸ್ನೇಹಗಳೇ ಮುರಿದಿವೆ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರಿನ ಚಕ್ರಲಾಂಛನ ಅಂಟಿಸಿದ ದಿನ ತಂಗಿಯ ಮಗ ಬಂದಿದ್ದ.

"ಮಾವ, ಇದು ಹಾರುತ್ತಾ?"

"ಇಲ್ಲ ಪುಟ್ಟಾ."

"ಬಾಗಿಲು ತೆಗೆಯುತ್ತಾ?"

"ಇಲ್ಲ."

"ಮತ್ತೆ ಏನ್ ಮಾಡುತ್ತೆ?"

ನಾನು ಉತ್ತರ ಹುಡುಕುವಷ್ಟರಲ್ಲಿ ಹೆಂಡತಿ, "ಧೂಳು ಹಿಡಿಯುತ್ತೆ" ಎಂದಳು. ಹಾಗೆಂದವಳೇ ಆ ದಸರೆಯಲ್ಲಿ, ಕೇಳದೆ ಕೆದಕದೆ, ಅದನ್ನು ಗೊಂಬೆಗಳ ಮೂರನೇ ಮೆಟ್ಟಿಲಲ್ಲಿ ಚನ್ನಪಟ್ಟಣದ ಎತ್ತಿನ ಗಾಡಿಯ ಪಕ್ಕದಲ್ಲಿಟ್ಟಳು. ಪಟ್ಟದ ಗೊಂಬೆ ನೋಡಲು ಬಂದ ಹೆಂಗಸರು ಇದು ತೇಜಸ್ಸಾ, ರಫೇಲಾ ಎಂದು ಕೇಳಿದರೆ ಅವಳೇ ಕುರ್ಟ್ ಟಾಂಕ್‌ನಿಂದ ಶುರುಮಾಡಿ ಹೇಳುತ್ತಿದ್ದಳು. ಐವತ್ತು ರಾಕೆಟ್ಟಿನ ಭಾಗ ಬಂದಾಗ ಮಾತ್ರ ನನ್ನ ಕಡೆ ನೋಡುತ್ತಿದ್ದಳು, ಸಂಖ್ಯೆ ಸರಿಯೇ ಎಂದು.

ಓದಿ ಕೈ ತುರಿಸುತ್ತಿರುವವರಿಗೆ ಒಂದು ಮಾತು. ಮೊದಲ ಸಲಕ್ಕೇ ರೆಸಿನ್ ಕಿಟ್ ತರಬೇಡಿ. ಅಗ್ಗದ ಒಂದು ಪ್ಲಾಸ್ಟಿಕ್ ವಿಮಾನದಲ್ಲಿ ಕೈ ಪಳಗಿಸಿಕೊಳ್ಳಿ. ಆಮೇಲೆ ರೆಸಿನ್‌ಗೆ ಬಂದರೆ ಮಾಸ್ಕ್ ಇಲ್ಲದೆ ಉಜ್ಜಬೇಡಿ, ಮತ್ತು ಬಿಸಿನೀರಿಗೆ ಬೇರೆಯದೇ ಒಂದು ಪಾತ್ರೆ ಮೊದಲೇ ಕೊಂಡಿಟ್ಟುಕೊಳ್ಳಿ.