ವಿಶೇಷ ವಿವಾಹ ಕಾಯ್ದೆಯವರ ಸನ್ನಿಧಾನಕ್ಕೆ ಒಂದು ಬಹಿರಂಗ ಪತ್ರ

ತೀರ್ಥರೂಪ ಸಮಾನರಾದ 1954ರ ವಿಶೇಷ ವಿವಾಹ ಕಾಯ್ದೆಯವರಿಗೆ, ರಾಯಬಾಗ ತಾಲೂಕಿನ ಮುಗಳಖೋಡದಿಂದ ಸಾಷ್ಟಾಂಗ ನಮಸ್ಕಾರಗಳು. ವಿನಂತಿ ವಿಶೇಷ.

ಮೊದಲು ತಮ್ಮ ಉಪಕಾರ ನೆನೆಯುತ್ತೇನೆ. ಜಾತಿ ಮೀರಿ ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ಕಲ್ಯಾಣದಲ್ಲಿ ಬೀಗರಿಬ್ಬರನ್ನೂ ಎಳೆಹೂಟೆ ಕಟ್ಟಿ ಕೊಂದರೆಂಬ ಕಥೆ ಕೇಳಿ ಬೆಳೆದವರು ನಾವು. ಅಂಥ ಜೋಡಿಗಳಿಗೆ ಜಾತಿ ಕೇಳದೆ, ಧರ್ಮ ಬಿಡಿಸದೆ ಸರ್ಕಾರಿ ಮೊಹರು ಹಾಕಿಕೊಟ್ಟ ದೊಡ್ಡವರು ತಾವು. ಒಬ್ಬರನ್ನೊಬ್ಬರು ಮೆಚ್ಚಿದ ಇಬ್ಬರು ಹೆಂಗಸರೂ ಇಬ್ಬರು ಗಂಡಸರೂ ತಮ್ಮ ಬಾಗಿಲಿಗೆ ಬಂದದ್ದು ಆ ಭರವಸೆಯಿಂದಲೇ.

ತಮ್ಮ 4ನೇ ಕಲಂ ಯಾವುದೇ ಇಬ್ಬರು ವ್ಯಕ್ತಿಗಳ ಮದುವೆ ಮಾಡಿಸಬಹುದೆಂದು ಶುರುವಾಗುತ್ತದೆ. ಅದಕ್ಕೆ ಕೈ ಮುಗಿಯುತ್ತೇನೆ. ಮೂರನೇ ಷರತ್ತಿಗೆ ಬಂದಾಗ ಗಂಡಿಗೆ 21, ಹೆಣ್ಣಿಗೆ 18 ಎಂದು ಬರೆದು ಒಂದೇ ಲಿಂಗದ ಜೋಡಿಗಳನ್ನು ಹೊರಗೆ ನಿಲ್ಲಿಸಿದ್ದೀರಿ. 2022ರ ನವೆಂಬರಿನಲ್ಲಿ ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ ಮತ್ತು ಅಭಯ್ ಡಾಂಗ್ ಆ ಜೋಡಿಗಳಿಗೂ ಮದುವೆಯ ಹಕ್ಕು ಕೇಳುತ್ತ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಮುಂದೆ ಅರ್ಜಿ ಹಾಕಿದವರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇದ್ದರು.

ಆಗ ಕೇಂದ್ರ ಸರ್ಕಾರ, ಇದು ಪಟ್ಟಣದ ಮೇಲ್ವರ್ಗದವರ ವಿಚಾರ ಎಂದು ಕೋರ್ಟಿಗೆ ಬರೆದುಕೊಟ್ಟಿತು. ಹಳ್ಳಿಯವರ ಮೇಲೆ ಇಷ್ಟು ಕಾಳಜಿ ತೋರಿದ್ದಕ್ಕೆ ಋಣಿ. ಆದರೆ ನಮ್ಮನ್ನು ಕೇಳಿದವರಾರು? ಸವದತ್ತಿ ಗುಡ್ಡಕ್ಕೆ ಯಲ್ಲಮ್ಮನ ಕೊಡ ಹೊತ್ತು ನಡೆಯುವ, ಗಂಡಾಗಿ ಹುಟ್ಟಿ ಸೀರೆಯುಟ್ಟ ಜೋಗಪ್ಪನವರಿಂದ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುವ ಜಿಲ್ಲೆ ನಮ್ಮದು. ಹಳ್ಳಿಯ ಹೊಲದಲ್ಲಿ ದುಡಿಯುವ ಹೆಣ್ಣುಮಗಳೂ ಇಂಥವಳಿರಬಹುದೆಂದು ಆಗಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ತೀರ್ಪಿನಲ್ಲಿ ಬರೆದಾಗ ಅದು ಹೊಸ ಸುದ್ದಿಯಾಗಿ ಕಾಣಲಿಲ್ಲ.

ನಿಜ ಹೇಳಲೇ ಸ್ವಾಮಿ? ತಮ್ಮ ಆಸರೆ ಹೆಚ್ಚು ಬೇಕಾದದ್ದು ಹಳ್ಳಿಗೇ. ಪಟ್ಟಣದಲ್ಲಿ ಉಳ್ಳವರು ವಕೀಲರನ್ನಿಟ್ಟು ಮೃತ್ಯುಪತ್ರ ಬರೆಸುತ್ತಾರೆ, ನಾಮಿನಿ ಹಾಕಿಸುತ್ತಾರೆ, ಬಾಡಿಗೆಗೆ ಬೇರೆ ಓಣಿ ಹುಡುಕುತ್ತಾರೆ. ಇಲ್ಲಿ ಇಬ್ಬರು ಹೆಂಗಸರು ಕೂಡಿ ಎರಡು ಎಕರೆ ಕಬ್ಬು ಬೆಳೆದರೆ ಉತಾರದಲ್ಲಿ ಒಬ್ಬಳ ಹೆಸರು. ಅವಳು ಮೃತ್ಯುಪತ್ರ ಬರೆಸದೆ ತೀರಿಕೊಂಡ ಮರುದಿನ ಅಣ್ಣತಮ್ಮಂದಿರು ವಾರಸಾ ಅರ್ಜಿ ಹಿಡಿದು ಬರುತ್ತಾರೆ. ಜೊತೆಗೆ ಬಾಳಿದವಳು ಆ ಹೊಲಕ್ಕೆ ಹೊರಗಿನವಳು. ಆಸ್ಪತ್ರೆಯಲ್ಲಿ ಆಪರೇಷನ್ ಕಾಗದಕ್ಕೆ ಸಹಿ ಹಾಕಲು ಹೋದಾಗಲೂ "ನೀ ಯಾರವ್ವಾ?" ಎಂಬ ಪ್ರಶ್ನೆ. ಹೆಂಡತಿಯೆಂದು ಹೇಳಿಕೊಳ್ಳಲು ತಾವು ಕೊಡದ ಒಂದು ಹಾಳೆ ಬೇಕು.

2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳು, ಮದುವೆ ಮೂಲಭೂತ ಹಕ್ಕಲ್ಲ, ಇದು ಶಾಸನ ಮಾಡುವವರ ಕೆಲಸ ಎಂದರು. ಇಂಥ ಕೂಡುಬಾಳಿಗೆ ಕಾನೂನಿನ ಮನ್ನಣೆಯೂ ದತ್ತು ಪಡೆಯುವ ಹಕ್ಕೂ ಮೂರಕ್ಕೆ ಎರಡರಲ್ಲಿ ಬಿದ್ದುಹೋದವು. ಮುಂದಿನ ವರ್ಷ ಸರ್ಕಾರ ಒಂದೇ ರೇಷನ್ ಕಾರ್ಡಿಗೆ, ಬ್ಯಾಂಕಿನ ಜಂಟಿ ಖಾತೆಗೆ ಅಡ್ಡಿಯಿಲ್ಲವೆಂದು ತಿಳಿಸಿತು. ಉಪಕಾರವಾಯಿತು. ಒಂದೇ ಚೀಟಿಯ ಅಕ್ಕಿ ಉಣ್ಣುವವರನ್ನು ಒಂದೇ ಸಂಸಾರವೆಂದು ಬರೆದುಕೊಳ್ಳಲು ಇನ್ನೇನು ತೊಡಕು?

2025ರ ಜನವರಿ 9ರಂದು ಮರುಪರಿಶೀಲನಾ ಅರ್ಜಿಗಳೂ ಚೇಂಬರಿನಲ್ಲೇ ವಜಾ ಆದವು. ಅದಾಗಿ ಎರಡೇ ವಾರಕ್ಕೆ, 23ರಂದು, ಥಾಯ್ಲೆಂಡಿನ ಸಂಸತ್ತು ಮಾಡಿದ ಕಾನೂನಿನಡಿ ಅಲ್ಲಿನ ಇಂಥ ಜೋಡಿಗಳು ಸಾಲಾಗಿ ನಿಂತು ಮದುವೆ ನೋಂದಾಯಿಸಿಕೊಂಡವು. ಸಂಸತ್ತು ನಮಗೂ ಇದೆ.

ಆದ್ದರಿಂದ ಪಾದಕ್ಕೆರಗಿ ಬೇಡುವುದಿಷ್ಟು. ಮೂರನೇ ಷರತ್ತಿನಲ್ಲಿ ಗಂಡು, ಹೆಣ್ಣು ಎನ್ನದೆ ಇಬ್ಬರಿಗೂ ಒಂದೇ ವಯಸ್ಸು ಬರೆಸಿಕೊಳ್ಳಿ. ಹಾಗೆಯೇ 30 ದಿನ ಕಚೇರಿಯ ಗೋಡೆಗೆ ಹೆಸರು ಹಚ್ಚಿ ಯಾರು ಬೇಕಾದರೂ ತಕರಾರು ಹೇಳಲಿ ಎಂದು ಕಾಯುವ ಪದ್ಧತಿಯನ್ನೂ ಕೈಬಿಡಿ. ಮನೆಯವರ ಬಡಿಗೆಗೆ ಅಂಜಿ ಬಂದವರಿಗೆ ಅಷ್ಟು ದಿನ ಉಳಿಯಲು ಜಾಗವಿರುವುದಿಲ್ಲ.

ತಮ್ಮ ವಿಧೇಯ,
ಮುಗಳಖೋಡದ ಒಬ್ಬ ನಾಗರಿಕ