ಬಡ್ತಿ ಬಂತು, ಪಾವಗಡವೂ ಬಂತು

ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಬಡ್ತಿ ಸಿಕ್ಕ ಮೇಷ್ಟ್ರು ಮೇಲಕ್ಕೆ ಹೋಗುತ್ತಾರೋ ಇಲ್ಲವೋ, ಉತ್ತರಕ್ಕಂತೂ ಹೋಗುತ್ತಾರೆ. ಕಂದಾಯ ಇಲಾಖೆಗೆ ತುಮಕೂರು ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಗೆ ಎರಡು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಇಷ್ಟೇ ನಮ್ಮ ಪಾಲಿನ ಪ್ರಪಂಚ. ಕೊರಟಗೆರೆಯಾದರೆ ತುಮಕೂರಿನಲ್ಲಿ ಮನೆ ಮಾಡಿಕೊಂಡು ಓಡಾಡಬಹುದು. ಹಾಗಾಗಿ ಅಲ್ಲಿ ಜಾಗ ತೆರವಾಗಬೇಕಾದರೆ ಯಾರಾದರೂ ನಿವೃತ್ತರಾಗಬೇಕು, ಇಲ್ಲವೇ ಕಾಲವಾಗಬೇಕು. ಶಿರಾ ಹೆದ್ದಾರಿಯ ಮೇಲಿದೆ, ಕೈ ಅಡ್ಡ ಹಿಡಿದರೆ ಬಸ್ಸು. ಮಧುಗಿರಿ ನಮ್ಮ ಮನೆ. ಉಳಿದದ್ದು ಮೂರು ಕಡೆ ಆಂಧ್ರವನ್ನೇ ಹೊದ್ದುಕೊಂಡ ಪಾವಗಡ. ಖಾಲಿ ಹುದ್ದೆಗಳ ತವರುಮನೆ.

ನಾನು ಏಕಶಿಲಾ ಬೆಟ್ಟ ಕಾಣುವ ಹಳ್ಳಿಯೊಂದರಲ್ಲಿ ಸಹ ಶಿಕ್ಷಕನಾಗಿ ಹಾಯಾಗಿದ್ದೆ. ಸರ್ಕಾರಿ ನೌಕರನ ಸಂಬಳ ಉಗುರಿನ ಹಾಗೆ, ಸುಮ್ಮನಿದ್ದರೂ ಬೆಳೆಯುತ್ತದೆ. 10 ವರ್ಷಕ್ಕೊಂದು ಕಾಲಮಿತಿ ಬಡ್ತಿ, 15ಕ್ಕೆ ಇನ್ನೊಂದು. ಹೀಗಿರುವಾಗ ಜ್ಯೇಷ್ಠತಾ ಪಟ್ಟಿಯಲ್ಲಿ ನನ್ನ ಹೆಸರು ಬಂತು, ಮುಖ್ಯ ಶಿಕ್ಷಕನ ಹುದ್ದೆಗೆ. ಅಂದಿನಿಂದ ಸಲಹೆಗಾರರ ಕಾಟ ಶುರುವಾಯಿತು. ಒಬ್ಬರು ‘ವಿಆರ್‌ಎಸ್ ತಗೊಂಡು ಟ್ಯೂಷನ್ ಮಾಡಿ’ ಎಂದರು. ಇನ್ನೊಬ್ಬರು ‘ಬಡ್ತಿ ಬೇಡ ಅಂದ್ರೆ ಮುಂದೆ ಸಿಗೋದೂ ಕೈಬಿಡುತ್ತೆ’ ಎಂದು ಹೆದರಿಸಿದರು. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ನಮ್ಮ ಅಕ್ಕನ ಮಗ ‘ಮಾವ, ನೀವು ಕಂಫರ್ಟ್ ಜೋನಿಂದ ಆಚೆ ಬರಬೇಕು’ ಎಂದ. ಅವನು ವರ್ಷಕ್ಕೊಂದು ಕಂಪನಿ ಬದಲಿಸುತ್ತಾನೆ, ನಿಜ. ಆದರೆ ಪ್ರತಿ ಕಂಪನಿಯ ಕೆಲಸವನ್ನೂ ಅದೇ ಮನೆಯ ಅದೇ ಸೋಫಾದ ಮೇಲೆ ಕೂತೇ ಮಾಡುತ್ತಾನೆ.

ಮನೆಯಲ್ಲಿ ಲೆಕ್ಕ ಹಾಕಿದೆ. ಬಡ್ತಿಯಿಂದ ಕೈಗೆ ಬರುವ ಹೆಚ್ಚುವರಿ ಹಣ ಪಾವಗಡದ ಒಂದು ರೂಮಿನ ಬಾಡಿಗೆಗೂ ಸಾಲದು. ಜೊತೆಗೆ ಹೆಡ್‌ಮಾಸ್ಟರಿಕೆ ಎಂದರೆ ಪಾಠವಲ್ಲ. ಬಿಸಿಯೂಟದ ಸಿಲಿಂಡರು, ಹಾಲಿನ ಪುಡಿ, ಎಸ್‌ಡಿಎಂಸಿ ಸಭೆ, ವಾರಕ್ಕೆ ಆರು ದಿನ ಮೊಟ್ಟೆ. ಅಂಗಡಿಯಲ್ಲಿ ಮೊಟ್ಟೆಯ ರೇಟು ಏರಿದರೆ ಮುಖ್ಯ ಶಿಕ್ಷಕನ ರಕ್ತದೊತ್ತಡವೂ ಏರುತ್ತದೆ. ಬೇಡವೆಂದೇ ತೀರ್ಮಾನಿಸಿ ಕೌನ್ಸೆಲಿಂಗಿಗೆ ಹೊರಟೆ.

ಸಭಾಂಗಣದ ಗೋಡೆಯ ಮೇಲೆ ಖಾಲಿ ಶಾಲೆಗಳ ಪಟ್ಟಿ ಬೆಳಗುತ್ತಿತ್ತು. ಒಬ್ಬೊಬ್ಬರ ಹೆಸರು ಕೂಗಿದಾಗಲೂ ಒಂದೊಂದು ಸಾಲು ಅಳಿಯುತ್ತಿತ್ತು. ಕೊರಟಗೆರೆ ಟೀ ಬರುವ ಮೊದಲೇ ಮುಗಿಯಿತು. ಮಧುಗಿರಿ, ಶಿರಾ ಟೀ ಜೊತೆಗೆ ಮುಗಿದವು. ನನ್ನ ಹೆಸರು ಬಂದಾಗ ಗೋಡೆಯ ತುಂಬ ಪಾವಗಡವೇ ಪಾವಗಡ.

“ಹೇಳಿ ಮೇಷ್ಟ್ರೇ, ಯಾವ್ದು?” ಎಂದರು ಅಧಿಕಾರಿ.

ಬೇಡ ಎನ್ನುವುದೊಂದು ಬಾಕಿ. ಆದರೆ ಯಾರೋ ನನ್ನ ಕೈಗೆ ಮೈಕು ಕೊಟ್ಟುಬಿಟ್ಟಿದ್ದರು. ಮೈಕು ಹಿಡಿದ ಮೇಷ್ಟ್ರ ಬಾಯಲ್ಲಿ ಒಂದೇ ಮಾತು ಬರುವುದುಂಟೇ? “ಸಾರ್, ಇದರಲ್ಲಿ ನೆರಳಿರೋ ಶಾಲೆ ಯಾವುದು?” ಎಂದುಬಿಟ್ಟೆ. ಕಂಪ್ಯೂಟರಿನ ಮುಂದಿದ್ದ ಹುಡುಗ ಮೌಸ್ ನಿಲ್ಲಿಸಿ ಪಟ್ಟಿಯನ್ನು ಎಡಕ್ಕೂ ಬಲಕ್ಕೂ ಸರಿಸಿ ನೋಡಿದ, ಪಾಪ. ವಿದ್ಯಾರ್ಥಿಗಳ ಸಂಖ್ಯೆಗೆ ಕಾಲಂ ಇತ್ತು, ಕೊಠಡಿಗಳಿಗಿತ್ತು, ನೆರಳಿಗಿರಲಿಲ್ಲ. ಸಭೆ ಗೊಳ್ಳೆಂದಿತು.

“ಮನೇಲಿ ಒಂದು ಮಾತು ಕೇಳ್ತೀನಿ” ಎಂದು ಫೋನು ಹಚ್ಚಿದೆ. ಮೈಕು ಇನ್ನೂ ಕೈಯಲ್ಲೇ ಇತ್ತು. ನನ್ನ ಹೆಂಡತಿಯ ದನಿ ಸಭಾಂಗಣದ ನಾಲ್ಕೂ ಮೂಲೆಯಿಂದ ಮೊಳಗಿತು: “ರೀ, ಪಾವಗಡ ಆದ್ರೆ ಬೇಡ ಅಂತ ಬರ್ಕೊಟ್ಟು ಬನ್ನಿ. ಬರ್ತಾ ಅರ್ಧ ಕೇಜಿ ಹುರುಳಿಕಾಯಿ ತನ್ನಿ, ಎಳೇದು ನೋಡಿ.” ಶಿಕ್ಷಕಿಯರ ಸಾಲಿನಿಂದ ಚಪ್ಪಾಳೆ ಬಿತ್ತು.

ಅಧಿಕಾರಿ ಒಂದು ಬಿಳಿ ಹಾಳೆ ಮುಂದೆ ತಳ್ಳಿದರು. “ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ…” ಎಂದು ದುಂಡಗೆ ಬರೆದೆ. “ಈ ಕೆಳಕಂಡ ಕಾರಣಗಳಿಂದ” ಎಂಬಲ್ಲಿ ಪೆನ್ನು ನಿಂತಿತು. ತಾಯಿಗೆ ಅನಾರೋಗ್ಯ ಎನ್ನೋಣವೇ? ಆಕೆ ಆ ಬೆಳಿಗ್ಗೆಯೇ ದಂಡಿನ ಮಾರಮ್ಮನ ಗುಡಿಗೆ ನಡೆದು ಹೋಗಿದ್ದಳು. ಮಕ್ಕಳ ಓದು? ಮಗ ಓದು ಮುಗಿಸಿ ಕೆಲಸವನ್ನೂ ಹಿಡಿದಿದ್ದ. ನನ್ನ ಮಂಡಿನೋವು? ಮಕ್ಕಳ ಜೊತೆ ಬೆಟ್ಟ ಹತ್ತಿ ನಿಂತ ಫೋಟೋ ತಾಲ್ಲೂಕಿನ ಎಲ್ಲ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು. ನಿಜವಾದ ಕಾರಣ ಮನೆಯ ಬಸ್ಸಾರು ಮತ್ತು ಭಾನುವಾರದ ಮಧ್ಯಾಹ್ನದ ನಿದ್ದೆ. ಸೇವಾ ನಿಯಮಾವಳಿಯಲ್ಲಿ ಬಸ್ಸಾರಿಗೆ ಮಾನ್ಯತೆ ಇಲ್ಲ. ಟಿಪ್ಪು ಕಾಲದಲ್ಲಿ ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಿದರೆಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಅವರನ್ನು ಯಾರೂ ಕಾರಣ ಕೇಳಲಿಲ್ಲ. ಹಾಗೆ ನನ್ನನ್ನೂ ಎತ್ತಿಕೊಂಡು ಹೋಗಬಾರದೇ ಎನ್ನಿಸಿತು.

ಆಗ ಹಿಂದಿನ ಸಾಲಿನಿಂದ ಒಂದು ದನಿ: “ಬಿಟ್ಟುಕೊಡೋರು ಬಿಟ್ಟೇಕೊಡ್ತಾರೆ ಬುಡಪ್ಪ. ಅವ್ರ ಕೈಲಿ ಹೆಡ್‌ಮಾಸ್ಟ್ರಿಕೆ ಎಲ್ಲಾಯ್ತದೆ!”

ಯಾರೆಂದು ತಿರುಗಿ ನೋಡಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ. “ಮೂರನೇ ಸಾಲು ಕೊಡಿ ಸಾರ್” ಎಂದೆ. ಊರಿನ ಹೆಸರನ್ನು ಆದೇಶದ ಪ್ರತಿ ಕೈಗೆ ಬಂದ ಮೇಲೆ ಓದಿಕೊಂಡೆ. ಹುರುಳಿಕಾಯಿ ಮರೆತೇಹೋಯಿತು, ಮನೆಯಲ್ಲಿ ಬಡ್ತಿಗಿಂತ ಅದರ ಚರ್ಚೆಯೇ ಹೆಚ್ಚು ಹೊತ್ತು ನಡೆಯಿತು.

ಲೆಕ್ಕ ಹಾಕಿ ಯಾರೂ ಕೆಲಸ ಬಿಡುವುದಿಲ್ಲ, ಹಿಡಿಯುವುದೂ ಇಲ್ಲ. ಮೊದಲು ಸಿಟ್ಟು ಬರುತ್ತದೆ, ಲೆಕ್ಕ ಆಮೇಲೆ ಬರುತ್ತದೆ. 1940ರ ದಶಕದಲ್ಲಿ ಮಾಸ್ತಿಯವರು ಮೈಸೂರು ಸರ್ಕಾರದ ದೊಡ್ಡ ನೌಕರಿಗೆ ರಾಜೀನಾಮೆ ಕೊಟ್ಟದ್ದು ತಮಗೆ ಸಲ್ಲಬೇಕಾದ ಸ್ಥಾನ ಕಿರಿಯರಿಗೆ ಹೋಯಿತೆಂದು. 1983ರಲ್ಲಿ ಅವರಿಗೆ ಜ್ಞಾನಪೀಠ ಬಂತು. ಆದರೆ ರಾಜೀನಾಮೆ ಬರೆದ ದಿನ ಆ ಪ್ರಶಸ್ತಿ ಇನ್ನೂ ಹುಟ್ಟಿಯೇ ಇರಲಿಲ್ಲ! ನನ್ನನ್ನು ಮಾಸ್ತಿಯವರ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ಸ್ವಲ್ಪ ಹಿಂದೆ, ಅದೇ ಸಾಲಿನಲ್ಲಿ.

ಈಗ ಪಾವಗಡದಲ್ಲಿದ್ದೇನೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡುವ ಮಕ್ಕಳು. ತಿರುಮಣಿ ಕಡೆ ಹೋದರೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಹಲಗೆಗಳು, 2,050 ಮೆಗಾವ್ಯಾಟ್. ಜಮೀನು ಇದ್ದವರು ಎಕರೆಗೆ ವರ್ಷಕ್ಕೆ 21,000 ರೂಪಾಯಿಯ ಗುತ್ತಿಗೆಗೆ ಕೊಟ್ಟರು, ಎರಡು ವರ್ಷಕ್ಕೊಮ್ಮೆ ಶೇ 5 ಹೆಚ್ಚಳ. ಅದೇ ಜಮೀನಿನಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಹೊರಟವರಿದ್ದಾರೆ. ಬಿಡೋಣವೋ ಇರೋಣವೋ ಎಂದು ಎರಡು ಕಾಲಂ ಎಳೆದು ಕೂರುವ ಪುರುಸೊತ್ತು ಅವರಿಗಿರಲಿಲ್ಲ. ವೃತ್ತಿಯ ಬೆಳವಣಿಗೆಯ ಬಗ್ಗೆ ನನಗೆ ಪಾಠ ಹೇಳಿದವರನ್ನೆಲ್ಲ ಒಮ್ಮೆ ಅವರ ಮುಂದೆ ಕೂರಿಸಬೇಕೆಂದು ಆಸೆಯಿದೆ.

ಅಂದು ಗೋಡೆಯ ಮೇಲೆ ಅಳಿಯದೆ ಉಳಿದ ಪ್ರತಿ ಸಾಲಿನಲ್ಲೂ ಒಂದು ಶಾಲೆ ಇತ್ತು, ಅದರೊಳಗೆ ಮಕ್ಕಳಿದ್ದರು. ಪಕ್ಕದೂರಿನ ಶಾಲೆಯಲ್ಲಿ ಮುಖ್ಯ ಶಿಕ್ಷಕರ ಹುದ್ದೆ ಇಂದಿಗೂ ಖಾಲಿ ಇದೆ. ಜ್ಯೇಷ್ಠತಾ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ದಯವಿಟ್ಟು ಬನ್ನಿ. ವಾರಕ್ಕೆ ಆರು ದಿನ ಮೊಟ್ಟೆಯ ಲೆಕ್ಕ ನಾನು ಹೇಳಿಕೊಡುತ್ತೇನೆ. ಊರಿಗೆ ಮರಳುವ ಕೊನೆಯ ಬಸ್ಸಿನ ವಿಷಯ, ನೀವು ಬಂದು ಸಹಿ ಹಾಕಿದ ಮೇಲೆ ಹೇಳುತ್ತೇನೆ.